ಬೈಗುಳದ ಪಾಲು

ತಿತಿಮತಿಯ ಬಸ್‌ಸ್ಟಾಪಿನಲ್ಲಿ ಮೈಕು ಹಿಡಿದು
ಮೊಣ್ಣಪ್ಪ ಸಾವ್ಕಾರ ಹೇಳಿದ:
ನಾನಾಗಿ ನಿಂತವನಲ್ಲ ಈ ಚುನಾವಣೆಗೆ,
ಸಾಲಾಗಿ ಮೂರು ರಾತ್ರಿ ಕನಸಿಗೆ ಬಂದು
ದೇವರೇ ಎಬ್ಬಿಸಿದ. ಏಳು, ನಾಮಪತ್ರ ಹಾಕು ಅಂದ.

ನಾಮಪತ್ರ. ಆ ಮಾತೇ ಆಡಿದನಂತೆ ದೇವರು.
ಜಾಜಿ ಅತ್ತೆ ಎಲೆಯಡಿಕೆ ಉಗಿದು ಕೇಳಿದಳು:
ಯಾವ ದೇವರು? ನಮ್ಮ ಓಡಿಹೋದವನಾ?

ನಮ್ಮದೊಂದು ಹಳೇ ಜಗಳ, ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಅಯ್ಯಪ್ಪ ನಮ್ಮ ಹಿರಿಯರನ್ನು ಬೇಟೆಗೆ ಕರೆದ.
ನಾಯಿ ಮುಂದೆ, ಅವನು ನಡುವೆ, ನಾವು ಹಿಂದೆ.
ನಡುಗಾಡಲ್ಲಿ ಭದ್ರಕಾಳಿ ಕಂಡಳು. ಅಷ್ಟೇ.
ತಿರುಗಿಯೂ ನೋಡದೆ ಅವಳ ಜೊತೆ ಹೊರಟೇಬಿಟ್ಟ.
ಅದಕ್ಕೇ ವರ್ಷಕ್ಕೊಂದು ಗುರುವಾರ, ಮುಂಗಾರಿಗೆ ಮೊದಲು,
ಗಂಡಸರು ನೈಟಿ ತೊಟ್ಟು ತುಟಿಗೆ ಬಣ್ಣ ಬಳಿದು
ಸೋರೆಬುರುಡೆ, ಕೊಡ, ಕೈಗೆ ಸಿಕ್ಕಿದ್ದನ್ನು ಬಡಿಯುತ್ತ
ದೇವರಪುರಕ್ಕೆ ಹೋಗಿ ಅವನನ್ನು ಬಾಯಿತುಂಬ ಬೈಯುತ್ತೇವೆ.
ಕುಂಡೆ ಹಬ್ಬ. ಹೆಸರಲ್ಲೇ ಇದೆ ಅರ್ಧ ಬೈಗುಳ.

ಬಿಟ್ಟುಹೋದ ಮೇಲೆ ನಮ್ಮ ಹತ್ತಿರ ತುಟಿ ಬಿಚ್ಚದವನು
ಸಾವ್ಕಾರನ ಮಲಗುವ ಕೋಣೆಗೆ ಮೂರು ರಾತ್ರಿ ಹೋದನೇ?
ನಾಯಿ ಬೊಗಳಲಿಲ್ಲವೇ? ಗೇಟಿಗೆ ಬೀಗ ಇತ್ತಲ್ಲ?
ಸೋಲಾರ್ ತಂತಿ ದಾಟುವಾಗ ಜುಮ್ಮೆನ್ನಲಿಲ್ಲವೇ?
ಆನೆಗೇ ಅನ್ನುತ್ತದೆ.
ನಮ್ಮ ಲೈನ್‌ಮನೆ ಆ ತಂತಿಯ ಪಕ್ಕದಲ್ಲೇ.
ಒಂದು ಹೆಜ್ಜೆ ಈಚೆ ಇಟ್ಟು
ಹಕ್ಕುಪತ್ರ ಬಂತಾ ಮುದ್ದ, ಅಂತ ಕೇಳಬಹುದಿತ್ತು.

ಆಮೇಲೆ ನಮ್ಮ ಗೋಡೆಗೇ ಬರೆಸಿದರು, ನೀಲಿಯಲ್ಲಿ:
ದೇವರು ಆರಿಸಿದ್ದಾನೆ, ನೀವೂ ಆರಿಸಿ.
ಕಿಟಕಿ ಅಡ್ಡ ಬಂದು 'ನೀವೂ' ಆಚೆ ಉಳಿಯಿತು,
'ಆರಿಸಿ' ಬಾಗಿಲ ಮೇಲೆ.
ಮಗಳು ಓದಿದಳು. ದೀಪ ಆರಿಸಬೇಕಂತಾ ಅಪ್ಪ?
ಕರೆಂಟೇ ಇಲ್ಲ, ಆರಿಸಲು ಏನಿದೆ ಮಗಳೇ, ಅಂದೆ.
ಬಣ್ಣದವನು ಖಾಲಿ ಡಬ್ಬ ಬಿಟ್ಟುಹೋದ.
ಎತ್ತಿಟ್ಟುಕೊಂಡೆ.

ಗೆದ್ದ.
ಎಣಿಕೆ ಮುಗಿದ ಮುಂದಿನ ಗುರುವಾರವೇ ಹಬ್ಬ.
ಕೊರಳ ಹಾರ ತೆಗೆಯದೆ ಬಂದ, ಬಿಳೀ ಜೀಪಿನಲ್ಲಿ.
ಅವತ್ತು ಯಾರ ಗಾಡಿಯನ್ನಾದರೂ ಅಡ್ಡಹಾಕಬಹುದು,
ಕಾಸು ಕೊಟ್ಟರೆ ಬಿಡಬೇಕು. ಅದು ಕಟ್ಟಳೆ.
ನಾನು ಅತ್ತಿಗೆಯ ಹೂವಿನ ನೈಟಿಯಲ್ಲಿ
ಅವನದೇ ನೀಲಿ ಡಬ್ಬ ಬಡಿಯುತ್ತ
ಲೆಕ್ಕದ ಪ್ರಕಾರ ಮೊದಲು ದೇವರನ್ನು ಬೈದೆ,
ಆಮೇಲೆ ಜೀಪಿನತ್ತ ತಿರುಗಿದೆ:
ಅವನೇ ಕಳಿಸಿದ್ದು ತಾನೇ ನಿನ್ನನ್ನು?
ಹಾಗಾದರೆ ಅವನ ಪಾಲಿನದು ನಿನಗೂ ಬರಬೇಕು.
ಪ್ರಸಾದ ಮಾತ್ರ ಎತ್ತಿಕೊಂಡು ಹೋಗುವುದು ಯಾವ ನ್ಯಾಯ?

ಹಿಡಿದಿಟ್ಟ ಕಾಫಿ ಕೊಯ್ಲಿನ ಕೂಲಿಗೆ ಒಂದು ಬೈಗುಳ,
ಕಣದ ಅಂಚಲ್ಲಿ ಆನೆ ತುಳಿದ ಭೋಜನಿಗಾಗಿ ಮೂರು,
ಉಳಿದದ್ದು ಇಲ್ಲಿ ಹೇಳುವ ಹಾಗಿಲ್ಲ.
ಜಾಜಿ ಅತ್ತೆಯದೇ ಎಲ್ಲಕ್ಕಿಂತ ಜೋರು.
ಅವನು ನಕ್ಕ. ಹಬ್ಬವಲ್ಲವೇ, ನಗಲೇಬೇಕು.
ಐನೂರರ ನೋಟು ಚಾಚಿದ. ಜೊತೆಯವರು ಮೊಬೈಲಲ್ಲಿ ಹಿಡಿದರು.
ಜನರ ಪ್ರೀತಿ ಅಂತ ಹಾಕಿಕೊಂಡರಂತೆ.

ಕತ್ತಲಾಗುವಾಗ ಇನ್ನೊಂದು ಕೆಲಸ ಉಳಿದಿರುತ್ತದೆ,
ಅದನ್ನು ನೋಡಲು ಜೀಪಿನವರು ನಿಲ್ಲುವುದಿಲ್ಲ.
ತಪ್ಪುಕಾಣಿಕೆ ಇಟ್ಟು, ಹಣೆ ನೆಲಕ್ಕೆ ಹಚ್ಚಿ
ಬೈದದ್ದೆಲ್ಲ ಹೊಟ್ಟೆಗೆ ಹಾಕಿಕೋ ಅನ್ನುತ್ತೇವೆ.
ಓಡಿಹೋದವನು, ನಿಜ. ಆದರೆ
ಇಂಥವರು ಕಳಿಸಿದರು ಅಂತ ಯಾರ ಹೆಸರೂ ಹೇಳಲಿಲ್ಲ.
ಆಸೆಯಾಯಿತು, ಹೋದ.

ಮಂಡಿ ಹಿಡಿದು ಏಳುತ್ತ ಅತ್ತೆ ಕೇಳಿದಳು:
ಸಾವ್ಕಾರನಿಗೆ ಬೈದದ್ದಕ್ಕೂ ತಪ್ಪಾಯಿತು ಅನ್ನಬೇಕಾ?
ಯಾರೂ ಏನೂ ಅನ್ನುವ ಮೊದಲು
ಕೊನೇ ಬಸ್ಸು ಹಾರ್ನ್ ಹಾಕಿತು,
ನೈಟಿ ಎತ್ತಿಕಟ್ಟಿ ಓಡಿದೆವು.

ಡಬ್ಬ ಈಗ ಮನೆ ಹಿಂದೆ ಇದೆ, ನೀರು ತುಂಬಿಡುತ್ತೇವೆ.
ಎಷ್ಟು ತಿಕ್ಕಿದರೂ ತಳದಲ್ಲಿ ನೀಲಿ ಬಿಡುತ್ತಲೇ ಇದೆ.
ಪಾತ್ರೆ ತೊಳೆಯಲು ಆಗುತ್ತದೆ,
ಕುಡಿಯಲು ಅಲ್ಲ.